ಆನ್‌ಲೈನ್ ಡಾಕ್ಟರರೂ ನನ್ನ ಉಷ್ಣವೂ

ಕಾಯಿಲೆಗಳಲ್ಲೂ ಮರ್ಯಾದಸ್ಥ ಕಾಯಿಲೆ, ಮರ್ಯಾದೆಗೆಟ್ಟ ಕಾಯಿಲೆ ಎಂದು ಎರಡು ಜಾತಿಗಳಿವೆ. ಬಿಪಿ, ಶುಗರು, ಮಂಡಿನೋವು, ಕುತ್ತಿಗೆಯ ಸವೆತ ಇವೆಲ್ಲ ಮೊದಲನೆಯ ಜಾತಿಯವು. ಇವನ್ನು ನಾಲ್ಕು ಜನರ ಎದುರು ಹೇಳಿಕೊಳ್ಳಬಹುದು, ಹೇಳಿಕೊಂಡು ಗೌರವವನ್ನೂ ಸಂಪಾದಿಸಬಹುದು. ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಕನ್ನಡ ಸಂಘದ ಮಹಿಳಾ ವಿಭಾಗದ ಸಭೆಯಲ್ಲಿ ವಾರ್ಷಿಕೋತ್ಸವದ ಬಗ್ಗೆ ಹತ್ತು ನಿಮಿಷ ಚರ್ಚೆ ನಡೆದರೆ ಮಂಡಿಚಿಪ್ಪಿನ ಬಗ್ಗೆ ಮುಕ್ಕಾಲು ಗಂಟೆ ನಡೆಯುತ್ತದೆ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡು ಬಂದವರಿಗಂತೂ ಮುಂದಿನ ಸಾಲಿನ ಕುರ್ಚಿ ಖಾಯಂ. ನಲವತ್ತೆಂಟು ದಾಟಿದ ಮೇಲೆ ನನಗೂ ಅಂಥದ್ದೊಂದು ಬಂದೀತು, ನಾನೂ ನಾಲ್ಕು ಮಾತು ಆಡಿಯೇನು ಎಂದು ಕಾದಿದ್ದೆ. ಬಂದದ್ದು ಎರಡನೆಯ ಜಾತಿಯದು. ಅದರ ಹೆಸರು ಬರೆಯುವುದಕ್ಕೇ ನನಗೆ ಇಷ್ಟು ಪೀಠಿಕೆ ಬೇಕಾಯಿತು ಎಂಬುದನ್ನು ಗಮನಿಸಿ. ಉರಿಮೂತ್ರ. ಇಂಗ್ಲಿಷಿನವರು ಅದಕ್ಕೆ ಯುಟಿಐ ಎಂದು ಮೂರಕ್ಷರ ಇಟ್ಟು, ಯಾವುದೋ ಉಳಿತಾಯ ಯೋಜನೆಯ ಹೆಸರಿನಂತೆ ಕೇಳಿಸುವ ಹಾಗೆ ಮಾಡಿಕೊಂಡು ಬಚಾವಾಗಿದ್ದಾರೆ.

ನಮ್ಮ ಉಡುಪಿ ಕಡೆಯ ಮನೆಗಳಲ್ಲಿ ಈ ಮಾತನ್ನು ಬಾಯಿಬಿಟ್ಟು ಆಡುವ ಕ್ರಮವಿಲ್ಲ. ಹೊಕ್ಕುಳಿನಿಂದ ಮೊಣಕಾಲಿನವರೆಗೆ ಹೆಂಗಸರಿಗೆ ಏನೇ ಆಗಲಿ, ಅದಕ್ಕೆ ಒಂದೇ ಹೆಸರು: ಉಷ್ಣ. ಬಾಯಿ ಹುಣ್ಣಾದರೂ ಉಷ್ಣ, ಕಣ್ಣು ಕೆಂಪಾದರೂ ಉಷ್ಣ, ಅದಾದರೂ ಉಷ್ಣ. ಯಾವ ಉಷ್ಣ ಎಂಬುದನ್ನು ಸ್ವರದಿಂದ ತಿಳಿದುಕೊಳ್ಳಬೇಕು. ಅಮ್ಮ ಅಡುಗೆಮನೆಯಿಂದ ಜೋರಾಗಿ ‘ಉಷ್ಣ ಆಗಿದೆ’ ಎಂದರೆ ಬಾಯಿಹುಣ್ಣು. ಹತ್ತಿರ ಬಂದು, ಸೆರಗಿನ ತುದಿ ಹಿಡಿದುಕೊಂಡು, ಗೋಡೆ ನೋಡುತ್ತ ಹೇಳಿದರೆ ಇದು. ಎರಡಕ್ಕೂ ಔಷಧ ಒಂದೇ, ಕೊತ್ತಂಬರಿ ಜೀರಿಗೆಯ ಕಷಾಯ. ಈ ಏರ್ಪಾಟು ಎಷ್ಟೋ ತಲೆಮಾರುಗಳಿಂದ ನಡೆದುಬಂದದ್ದು. ಇದರಿಂದ ಎಷ್ಟು ಜನರಿಗೆ ಗುಣವಾಯಿತು, ಎಷ್ಟು ಜನ ಸುಮ್ಮನೆ ಹಲ್ಲು ಕಚ್ಚಿಕೊಂಡು ಇದ್ದರು ಎಂಬ ಲೆಕ್ಕ ಮಾತ್ರ ಯಾರ ಹತ್ತಿರವೂ ಇಲ್ಲ.

ನನಗೆ ಇದು ಯಾಕೆ ಬಂತು ಎಂದು ಯಾವ ಡಾಕ್ಟರೂ ಹೇಳಬೇಕಾಗಿಲ್ಲ. ನಾನು ಬೆಳಿಗ್ಗೆ ಏಳೂವರೆಗೆ ಡೊಂಬಿವಲಿಯಲ್ಲಿ ಲೋಕಲ್ ಹತ್ತಿ, ಠಾಣೆಯಲ್ಲಿ ಇಳಿದು, ಅಲ್ಲಿಂದ ವಾಶಿ ಕಡೆಯ ಗಾಡಿ ಹಿಡಿದು ರಬಾಳೆಗೆ ಹೋಗುವವಳು. ನಮ್ಮ ಲೋಕಲ್ ಗಾಡಿಯಲ್ಲಿ ಏನುಂಟು ಏನಿಲ್ಲ. ಭಜನೆ ಉಂಟು, ಜಗಳ ಉಂಟು, ಮೆಂತ್ಯಸೊಪ್ಪು ಬಿಡಿಸುವುದುಂಟು, ಅದೊಂದು ಮಾತ್ರ ಇಲ್ಲ. ಸ್ಟೇಶನ್ನಿನಲ್ಲಿ ಇದೆ ಎಂದು ಬೋರ್ಡು ಹೇಳುತ್ತದೆ. ಆ ಬೋರ್ಡನ್ನು ನಂಬಿ ಒಂದು ಸಲ ಬಾಗಿಲಿನವರೆಗೆ ಹೋದವರು ಜನ್ಮದಲ್ಲಿ ಎರಡನೆಯ ಸಲ ಹೋಗುವುದಿಲ್ಲ. ಇನ್ನು ಆಫೀಸು. ನಾನು ಪರ್ಚೇಸ್ ವಿಭಾಗದಲ್ಲಿರುವ ಕಂಪನಿ ದೇಶಕ್ಕೆಲ್ಲ ಪೈಪಿನ ವಾಲ್ವು ಮಾಡಿ ಕಳಿಸುತ್ತದೆ. ನಮ್ಮ ಹೆಂಗಸರ ಟಾಯ್ಲೆಟ್ಟಿನ ನಲ್ಲಿ ಮಾತ್ರ ಮೂರು ವರ್ಷದಿಂದ ಸೋರುತ್ತಿದೆ. ಅದೂ ಎಲ್ಲಿದೆಯೆಂದರೆ, ಮಾರ್ಕೆಟಿಂಗಿನ ಗಂಡಸರು ಚಹಾ ಕುಡಿಯುತ್ತ ನಿಲ್ಲುವ ಜಾಗಕ್ಕೆ ನೇರ ಎದುರು. ಹೋಗುವಾಗಲೂ ಹನ್ನೆರಡು ಕಣ್ಣು, ಬರುವಾಗಲೂ ಹನ್ನೆರಡು ಕಣ್ಣು. ಹೀಗಾಗಿ ಇಪ್ಪತ್ತು ವರ್ಷ ನಾನು ಬೆಳಿಗ್ಗೆ ಅರ್ಧ ಲೋಟ ಚಹಾ ಕುಡಿದರೆ ಸಂಜೆ ಮನೆಯ ಬೀಗ ತೆಗೆಯುವವರೆಗೆ ನೀರು ಮುಟ್ಟುತ್ತಿರಲಿಲ್ಲ. ಅದನ್ನು ದೊಡ್ಡ ಸಾಧನೆಯೆಂದು ಹೊಸದಾಗಿ ಸೇರಿದ ಹುಡುಗಿಯರಿಗೆ ಹೇಳಿಕೊಡುತ್ತಿದ್ದೆ ಕೂಡ.

ಅಗ್ಗದ ಡೇಟಾ ಬಂದು ಡೊಂಬಿವಲಿಯ ಭಾಜಿ-ತರಕಾರಿ ಮಾರುವವಳ ಕೈಗೂ ಸ್ಮಾರ್ಟ್‌ಫೋನ್ ಬಂದಿದ್ದ ವರ್ಷ ಅದು. ಮೇ ತಿಂಗಳ ಒಂದು ಶನಿವಾರ ಶುರುವಾಯಿತು. ವಿವರ ಬೇಡ, ಅನುಭವಿಸಿದವರಿಗೆ ಗೊತ್ತು, ಅನುಭವಿಸದವರಿಗೆ ಹೇಳಿ ಪ್ರಯೋಜನವಿಲ್ಲ. ಐದು ನಿಮಿಷಕ್ಕೊಮ್ಮೆ ಎದ್ದು ಹೋಗುವುದು, ಹೋದರೆ ಏನೂ ಇಲ್ಲ, ಇರುವ ನಾಲ್ಕು ಹನಿಯೂ ಬೆಂಕಿ. ಬಾರ್ಲಿ ಕುದಿಸಿದೆ, ಎಳನೀರು ತರಿಸಿದೆ, ಪುನರ್ಪುಳಿ ನೆನೆಸಿದೆ. ನಮ್ಮ ಯಜಮಾನರು ಧಾರವಾಡದವರು. ಅವರಿಗೆ ‘ಉಷ್ಣ’ ಎಂಬ ಪದದ ಒಳಮರ್ಮ ಇಪ್ಪತ್ತೈದು ವರ್ಷವಾದರೂ ತಿಳಿದಿಲ್ಲ. ಸೋಮವಾರ ಬೆಳಿಗ್ಗೆ ಅವರು ಬಾತ್‌ರೂಮಿನ ಬಾಗಿಲ ಹೊರಗೆ ನಿಂತು ಕೇಳಿದರು, “ಮೂರ ದಿನಾ ಆತು, ಕೆಳಗ ಡಾಕ್ಟರ್ ಇದ್ದಾನ. ಹೋಗಿ ತೋರಿಸಿ ಬರೂದು ಬಿಟ್ಟು ಇದೇನ ಬಾರ್ಲಿ ಕುದಸ್ಕೋತ ಕುಂತೀಯಲ್ಲ?”

ಕೆಳಗೆ ಡಾಕ್ಟರ್ ಇರುವುದೇ ತೊಂದರೆ. ನಮ್ಮ ಕಟ್ಟಡದ ನೆಲಮಹಡಿಯ ದವಾಖಾನೆಯ ಡಾಕ್ಟರು ಒಳ್ಳೆಯವರು, ಮಾತು ಕಮ್ಮಿ. ಆ ಕಮ್ಮಿಯನ್ನು ತುಂಬಿಕೊಡುವುದಕ್ಕೆ ಹೊರಗೆ ಮೇಜಿನ ಹಿಂದೆ ವಾರಿಜಕ್ಕ ಕುಳಿತಿದ್ದಾಳೆ. ಮುಲ್ಕಿ ಕಡೆಯವಳು, ನಮ್ಮ ಮಹಿಳಾ ವಿಭಾಗದ ಸದಸ್ಯೆ. ಅವಳಿಗೆ ಪೇಶಂಟುಗಳ ಹೆಸರು ನೆನಪಿರುವುದಿಲ್ಲ, ರೋಗ ನೆನಪಿರುತ್ತದೆ. “ಭೇದಿಯವ್ರು ಒಳಗೆ ಹೋಗಿ ಆಯ್ತಾ. ಗಜಕರ್ಣದವ್ರು ಸ್ವಲ್ಪ ಕೂತ್ಕೊಳ್ಳಿ ಮಾರಾಯ್ರೆ, ಅವಸರ ಎಂತ ಮಾಡ್ತೀರಿ” ಎಂದು ಅವಳು ಕರೆದರೆ, ಎದುರಿನ ಅಂಗಡಿಯಲ್ಲಿ ಬ್ಲೌಸ್ ಪೀಸ್ ನೋಡುತ್ತಿರುವವರೂ ತಿರುಗಿ ಯಾರು ಭೇದಿ, ಯಾರು ಗಜಕರ್ಣ ಎಂದು ನೋಡುತ್ತಾರೆ. ನನ್ನದನ್ನು ಅವಳು ಏನೆಂದು ಕರೆದಾಳು ಎಂದು ಯೋಚಿಸಿದರೇ ಉರಿ ಇಮ್ಮಡಿಯಾಗುತ್ತಿತ್ತು. ಗುರುವಾರ ಸಂಘದ ಸಭೆ ಬೇರೆ ಇತ್ತು.

ಆದರೆ ಸುಮ್ಮನೆ ಕೂರುವ ಹಾಗೂ ಇರಲಿಲ್ಲ. ಅಂಬರನಾಥದಿಂದ ನಮ್ಮ ಆಫೀಸಿಗೆ ಬರುವ ಸುಲಭಾ ಹಿಂದಿನ ವರ್ಷ ಇದನ್ನೇ ಹತ್ತು ದಿನ ಮುಚ್ಚಿಟ್ಟುಕೊಂಡಿದ್ದಳು. ಅದು ಮೇಲೇರಿ ಕಿಡ್ನಿಗೆ ಹೋಗಿ, ಆಸ್ಪತ್ರೆಯಲ್ಲಿ ಎರಡು ವಾರ ಮಲಗಿ, ವಾಪಸು ಬರುವಾಗ ಅರ್ಧ ಆಳಾಗಿದ್ದಳು. ಈಗಲೂ ಅವಳಿಗೆ ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ನನಗೆ ಸೋಮವಾರ ಮಧ್ಯಾಹ್ನ ಸೊಂಟದ ಮೇಲೆ ಬಲಗಡೆ ಏನೋ ಹಿಡಿದ ಹಾಗಾದಾಗ ಸುಲಭಾಳ ಮುಖ ಕಣ್ಣೆದುರು ಬಂತು. ಕಿಡ್ನಿಯೂ ಉಳಿಯಬೇಕು, ಮಾನವೂ ಉಳಿಯಬೇಕು, ಎರಡೂ ಈ ವಾರದೊಳಗೇ ಆಗಬೇಕು ಎಂಬ ಪರಿಸ್ಥಿತಿ.

ದಾರಿ ತೋರಿಸಿದವಳು ಮಗಳು. ಆಗ ಅವಳಿಗೆ ಇಪ್ಪತ್ತು, ಠಾಣೆಯ ಕಾಲೇಜಿನಲ್ಲಿ ಓದುತ್ತಿದ್ದಳು. ನಾವು ಕನ್ನಡದಲ್ಲಿ ಕೇಳಿದರೆ ಅವಳು ಹಿಂದಿಯಲ್ಲೋ ಮರಾಠಿಯಲ್ಲೋ ಉತ್ತರಿಸುತ್ತಾಳೆ. ಇದು ಮುಂಬಯಿ ಕಡೆಯ ಎಲ್ಲ ಕನ್ನಡಿಗರ ಮನೆಯ ಸಂಸಾರ. ನಾನು ಗೋಡೆ ನೋಡುತ್ತ ಅವಳಿಗೆ ‘ಉಷ್ಣ ಆಗಿದೆ’ ಎಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ತನ್ನ ಫೋನ್ ತೆಗೆದು ಕೈಗಿಟ್ಟಳು. “ಮೇರೇ ಅಕೌಂಟ್ ಸೇ ಕರ್ ಲೋ ಅಮ್ಮಾ. ವಿಡಿಯೋ ಪೇ ಡಾಕ್ಟರ್ ಆತಾ ಹೈ. ಯಹಾಂ ಕಿಸೀ ಕೋ ಪತಾ ನಹೀಂ ಚಲೇಗಾ.” ಇಲ್ಲಿ ಯಾರಿಗೂ ಗೊತ್ತಾಗುವುದಿಲ್ಲ ಎಂಬ ಒಂದು ಮಾತಿಗೆ ನಾನು ಸೋತೆ. ಅವಳು ಹತ್ತಿರ ಕೂರಲು ಬಂದಾಗ, ಇದು ದೊಡ್ಡವರ ವಿಷಯ ಎಂದು ಹೊರಗೆ ಕಳಿಸಿ ಬಾಗಿಲು ಹಾಕಿಕೊಂಡೆ.

ಆ ಆ್ಯಪಿನಲ್ಲಿ ಡಾಕ್ಟರುಗಳನ್ನು ಮದುವೆಯ ದಲ್ಲಾಳಿ ಫೋಟೋ ಹರಡಿದ ಹಾಗೆ ಹರಡಿದ್ದರು. ಎಲ್ಲರೂ ಕೈಕಟ್ಟಿಕೊಂಡು ನಗುತ್ತಿದ್ದಾರೆ. ಒಬ್ಬೊಬ್ಬರ ಕೆಳಗೂ ನಾಲ್ಕೂವರೆ ನಕ್ಷತ್ರ. ಹೆಂಗಸರ ಕಾಯಿಲೆಗೆ ಬೇರೆಯೇ ಒಂದು ಗುಲಾಬಿ ಬಣ್ಣದ ಚೌಕ, ಅದರ ಮೇಲೊಂದು ಚಿಟ್ಟೆ. ಆ ಚಿಟ್ಟೆಗೂ ನನ್ನ ಸ್ಥಿತಿಗೂ ಏನು ಸಂಬಂಧ ಎಂದು ಅದನ್ನು ಬರೆದವನನ್ನೇ ಕೇಳಬೇಕು. ಚಿಟ್ಟೆಯನ್ನು ಒತ್ತಿದರೆ ಏನೇನು ಪ್ರಶ್ನೆ ಕೇಳುತ್ತಾರೋ ಎಂದು ಹೆದರಿ ‘ಜನರಲ್’ ಎಂಬುದನ್ನು ಒತ್ತಿದೆ.

ಬಂದವನು ಒಬ್ಬ ಹುಡುಗ ಡಾಕ್ಟರ್. ಕಿವಿಯಲ್ಲಿ ಇಯರ್‌ಫೋನು, ಹಿಂದೆ ಕಾರಿನ ಸೀಟು. ಉತ್ತರದ ಯಾವುದೋ ಊರಿನಲ್ಲಿದ್ದ. ತೆರೆಯ ಮೇಲೆ ನನ್ನ ನರೆತ ಮುಂಗೂದಲು ಕಾಣಿಸುತ್ತಿರುವಾಗಲೇ “ಏಜ್ ಟ್ವೆಂಟಿ, ಫೀಮೇಲ್, ರೈಟ್?” ಎಂದ. ಅಕೌಂಟು ಮಗಳದಲ್ಲವೇ, ಅದರಲ್ಲಿ ಹಾಗೆ ಬರೆದಿತ್ತು. ನಾನು ಅಲ್ಲವೆನ್ನಲಿಲ್ಲ. ಇಂಥ ಹೊತ್ತಿನಲ್ಲೂ ಸ್ವಲ್ಪ ಖುಷಿಯಾಯಿತು ಎಂದು ಒಪ್ಪಿಕೊಳ್ಳುತ್ತೇನೆ. ಏನು ತೊಂದರೆ ಎಂದು ಕೇಳಿದ. ಇಪ್ಪತ್ತೈದು ವರ್ಷದ ಮುಂಬಯಿ ಹಿಂದಿಯನ್ನೆಲ್ಲ ಒಟ್ಟುಗೂಡಿಸಿಕೊಂಡು ನಮ್ಮ ಉಷ್ಣವನ್ನು ಅನುವಾದಿಸಿದೆ, “ಡಾಕ್ಟರ್ ಸಾಬ್, ಮುಝೇ ಬಹುತ್ ಗರ್ಮಿ ಹುಯೀ ಹೈ.”

“ಹಾಂ ಜೀ, ಇಧರ್ ಭೀ ಬಹುತ್ ಗರ್ಮೀ ಹೈ” ಎಂದ ಆ ಮಹಾನುಭಾವ. ತನ್ನ ಊರಿನ ಬಿಸಿಲು ನನ್ನ ಊರಿನ ಬಿಸಿಲಿಗಿಂತ ಹೆಚ್ಚು ಎಂದು ಒಂದು ನಿಮಿಷ ವಾದಿಸಿದ. ತಲೆ ಸುತ್ತುತ್ತದೆಯೇ, ಬೆವರು ಬರುತ್ತದೆಯೇ ಎಂದ. ಹಾಗಲ್ಲಪ್ಪಾ, ಕೆಳಗೆ, ಎಂದು ನಾನು ದನಿ ತಗ್ಗಿಸಿದೆ. ಅವನು “ಆವಾಜ್ ನಹೀಂ ಆ ರಹೀ” ಎಂದ. ದನಿ ಏರಿಸಿದರೆ ಹಾಲಿನಲ್ಲಿ ಪೇಪರ್ ಓದುತ್ತಿದ್ದ ಯಜಮಾನರಿಗೆ ಕೇಳಿಸುತ್ತಿತ್ತು. ಇಳಿಸಿದರೆ ಅವನಿಗೆ ಕೇಳಿಸುತ್ತಿರಲಿಲ್ಲ. ಈ ಏರಿಳಿತದಲ್ಲಿ ನಾಲ್ಕು ನಿಮಿಷ ಮುಗಿದು ಅವನು ಮಾಯವಾದ. ಚೀಟಿ ಬಂತು. ಓಆರ್‌ಎಸ್ ಕುಡಿಯಬೇಕು, ಹನ್ನೊಂದರಿಂದ ನಾಲ್ಕರವರೆಗೆ ಬಿಸಿಲಿಗೆ ಹೋಗಬಾರದು, ಸಡಿಲವಾದ ಹತ್ತಿ ಬಟ್ಟೆ ಹಾಕಿಕೊಳ್ಳಬೇಕು. ಇಷ್ಟು ಹೇಳುವುದಕ್ಕೆ ಏಳು ವರ್ಷ ಮೆಡಿಕಲ್ ಓದಬೇಕೇ, ನಮ್ಮ ಸೊಸೈಟಿಯ ವಾಚ್‌ಮನ್ ಬಿಟ್ಟಿ ಹೇಳುತ್ತಾನೆ. ಕೆಳಗೆ ಐದು ಖಾಲಿ ನಕ್ಷತ್ರ ತೋರಿಸಿ, ಅನುಭವ ಹೇಗಿತ್ತು ಎಂದು ಬೇರೆ ಕೇಳಿತು ಆ ಆ್ಯಪು.

ಮಂಗಳವಾರ ಚಳಿ ಹಿಡಿದು ಜ್ವರ ಬಂತು. ಮೇ ತಿಂಗಳಲ್ಲಿ ನಾನು ಚಾದರ ಹೊದ್ದು ನಡುಗುವುದನ್ನು ನೋಡಿ ಯಜಮಾನರು ಆಫೀಸಿಗೆ ರಜೆ ಹಾಕಿ, “ಈ ಸಲಾ ನಾನೂ ಬಾಜೂಕ ಕೂಡ್ತೀನಿ. ನೀ ಹೇಳೂದು ಆ ಡಾಕ್ಟರಗ ತಿಳಿಯಂಗಿಲ್ಲ, ಅವ ಹೇಳೂದು ನಿನಗ ತಿಳಿಯಂಗಿಲ್ಲ” ಎಂದು ಕುರ್ಚಿ ಎಳೆದುಕೊಂಡು ಕುಳಿತರು. ಮಗಳು ಕಾಲೇಜಿಗೆ ಹೋಗಿದ್ದಳು, ಫೋನ್ ನನಗಾಗಿ ಬಿಟ್ಟು ಹೋಗಿದ್ದಳು. ಈ ಬಾರಿ ಹುಡುಗರ ಸಹವಾಸ ಬೇಡವೆಂದು ಫೋಟೋಗಳಲ್ಲಿ ಅತ್ಯಂತ ಬಿಳಿ ಕೂದಲಿನವರನ್ನು ಆರಿಸಿದೆ. ಕೋಟು ಹಾಕಿದ, ದಪ್ಪ ಕನ್ನಡಕದ, ಮರಾಠಿ ಮಾತನಾಡುವ ನಿವೃತ್ತ ಡಾಕ್ಟರು. ಹಿಂದಿಯಲ್ಲಿ ಗರ್ಮಿ ಎಂದರೆ ಬಿಸಿಲು ಎಂದುಕೊಳ್ಳುತ್ತಾರೆ ಎಂಬ ಪಾಠ ಕಲಿತಿದ್ದೆನಲ್ಲ, ಆದ್ದರಿಂದ ಮರಾಠಿಯಲ್ಲಿ, ಬಿಸಿಲಿನದಲ್ಲ, ಮೈಯೊಳಗಿನದು ಎಂದು ಬಿಡಿಸಿ ಹೇಳಿದೆ. “ಮಲಾ ಗರಮೀ ಝಾಲೀ ಆಹೇ. ಆತೂನ್. ಖಾಲೀ.” ನನಗೆ ಗರಮಿ ಆಗಿದೆ, ಒಳಗಿನಿಂದ, ಕೆಳಗೆ.

ಡಾಕ್ಟರು ಕನ್ನಡಕ ತೆಗೆದರು. ತೆಗೆದು ಒರೆಸಿದರು. ಆಮೇಲೆ ನನ್ನನ್ನು ಬಿಟ್ಟು ನನ್ನ ಪಕ್ಕದಲ್ಲಿ ಕುಳಿತಿದ್ದವರನ್ನು ನೋಡಿದರು. “ಹೇ ಮಿಸ್ಟರ್ ಕಾ?” ಎಂದರು. ಹೌದು, ಇವರೇ ನನ್ನ ಗಂಡ ಎಂದೆ. ಗಂಡನಿಗೆ ಕೆಲಸದ ಮೇಲೆ ಪರಊರಿಗೆ ಹೋಗುವುದಿದೆಯೇ ಎಂದರು. ನಮ್ಮವರು ಮಾಜಿವಾಡಾದ ಒಂದು ಫೈನಾನ್ಸ್ ಕಂಪನಿಯಲ್ಲಿ ಇರುವವರು, ತಿಂಗಳಿಗೆರಡು ಸಲ ಪುಣೆಗೆ, ನಾಸಿಕಕ್ಕೆ ಹೋಗುತ್ತಾರೆ. ಅವರು ಹೆಮ್ಮೆಯಿಂದಲೇ ‘ಹೋ’, ಹೌದು, ಎಂದರು. ರಾತ್ರಿ ಅಲ್ಲಿಯೇ ತಂಗುತ್ತೀರಾ ಎಂದರು ಡಾಕ್ಟರು. ಹೋ. ಎಷ್ಟು ವರ್ಷದಿಂದ. ಹನ್ನೆರಡು ವರ್ಷದಿಂದ. ಪ್ರತಿ ಹೋ ಎಂಬುದಕ್ಕೂ ಡಾಕ್ಟರ ಮುಖ ಗಂಟಾಗುತ್ತ ಹೋಯಿತು. ಕೊನೆಗೆ ಅವರು, ಈ ವಯಸ್ಸಿನಲ್ಲಿ ಮನುಷ್ಯನಿಗೆ ಸಂಯಮ ಇರಬೇಕು, ಸಂಸಾರಸ್ಥ ಹೆಂಗಸಿಗೆ ಇಂಥ ರೋಗ ಅಂಟಿಸುವುದು ಪಾಪ, ಇಬ್ಬರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ, ಅಲ್ಲಿಯವರೆಗೆ ಬೇರೆ ಬೇರೆ ಮಲಗಿ ಎಂದು ಹತ್ತು ನಿಮಿಷ ಮರಾಠಿಯಲ್ಲಿ ಪ್ರವಚನ ಮಾಡಿ ಹೋದರು.

ತೆರೆ ಕಪ್ಪಾಯಿತು. ನಮ್ಮವರು ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದರು, “ನಾ ಏನ ಮಾಡೀನಿ?”

ಆಗ ನನಗೆ ಹೊಳೆಯಿತು. ಮುಂಬ್ರಾದಿಂದ ಠಾಣೆಯವರೆಗೆ ಹಳಿಯ ಪಕ್ಕದ ಗೋಡೆಗಳ ಮೇಲೆ ಸುಣ್ಣದಲ್ಲಿ ಬರೆದ ಜಾಹೀರಾತುಗಳನ್ನು ನಾನು ಇಪ್ಪತ್ತು ವರ್ಷ ಕಿಟಕಿಯಿಂದ ಓದಿದ್ದೇನೆ. ಗುಪ್ತರೋಗ, ಗರಮೀ, ಪರಮಾ, ಖಾತ್ರಿಯ ಇಲಾಜು, ಸ್ಟೇಶನ್ನಿನ ಎದುರು. ಹಳೆಯ ಮಂದಿಯ ಬಾಯಲ್ಲಿ ಗರಮಿ ಎಂದರೆ ಆ ಬೀದಿಗಳಿಗೆ ಹೋಗುವ ಗಂಡಸರು ಮನೆಗೆ ತರುವ ರೋಗ. ನಮ್ಮ ಕನ್ನಡದಲ್ಲೂ ಅಜ್ಜಂದಿರು ಅದನ್ನು ಗರ್ಮಿ ಎಂದೇ ಕರೆಯುತ್ತಿದ್ದರು. ಇಷ್ಟು ಗೊತ್ತಿದ್ದ ನಾನೇ, ನನ್ನ ಬಾಯಿಂದಲೇ, ಗಂಡನನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಮಾತು ಹೇಳಿದ್ದೆ. ಇದನ್ನು ಅವರಿಗೆ ವಿವರಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅವರಿಗೆ ಅರ್ಥವಾಯಿತು, ಸಿಟ್ಟು ಮಾತ್ರ ಇಳಿಯಲಿಲ್ಲ. “ಹನ್ನೆರಡ ವರ್ಷ ಲಾಜಿಂಗಿನ್ಯಾಗ ಒಬ್ಬನ ದಾಲ್ ಖಿಚಡಿ ತಿಂದು ಮಲಗೀನಿ. ಒಂದ ಸಿನಿಮಾ ನೋಡಿಲ್ಲ ನಾನು” ಎಂದು ಎರಡು ದಿನ ಗೊಣಗುತ್ತಿದ್ದರು. ಆ ಮುದುಕ ಡಾಕ್ಟರನ್ನು ನಾನು ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಎಲ್ಲಿ ಉರಿ, ಯಾವಾಗ ಉರಿ, ಜ್ವರ ಎಷ್ಟು ಎಂದು ಒಂದೇ ಒಂದು ಪ್ರಶ್ನೆ ಕೇಳಿದ್ದರೆ ಅವರಿಗೇ ಗೊತ್ತಾಗುತ್ತಿತ್ತು. ಹೆಂಗಸಿಗೆ ಪ್ರಶ್ನೆ ಕೇಳುವುದಕ್ಕೆ ಇವರಿಗೆ ನಾಚಿಕೆ, ಉತ್ತರ ಹೇಳುವುದಕ್ಕೆ ನನಗೆ ನಾಚಿಕೆ. ನಡುವೆ ಕಿಡ್ನಿ ಬೇಯುತ್ತಿತ್ತು.

ಮಧ್ಯಾಹ್ನ ಮೂರಕ್ಕೆ ಮಗಳು ಕಾಲೇಜಿನಿಂದ ಬಂದಳು. ಅಪ್ಪ ದೂರು ಹೇಳಿದರು. ಅವಳು ಮೊದಲು ನಕ್ಕಳು, ಆಮೇಲೆ ನನ್ನ ಹಣೆ ಮುಟ್ಟಿ ನೋಡಿ ನಗು ನಿಲ್ಲಿಸಿದಳು. ಈ ಸಲ ನಾನು ಹೊರಗೆ ಹೋಗು ಎಂದರೂ ಹೋಗಲಿಲ್ಲ. ಅಪ್ಪನನ್ನೇ ಹಾಲಿಗೆ ಕಳಿಸಿದಳು. ಚಿಟ್ಟೆಯ ಚೌಕವನ್ನು ಒತ್ತಿ, ನನ್ನನ್ನು ಕೇಳದೆಯೇ ಒಬ್ಬ ಹೆಂಗಸಿನ ಫೋಟೋ ಆರಿಸಿದಳು. ಎಷ್ಟು ಸಲೀಸಾಗಿ ಆರಿಸಿದಳೆಂದರೆ, ಈಗಿನ ಮಕ್ಕಳಿಗೆ ಫೋನೆಂದರೆ ನೀರು ಕುಡಿದ ಹಾಗೆ ಎಂದು ನಾನು ಒಳಗೊಳಗೇ ಮೆಚ್ಚಿಕೊಂಡೆ.

ಆ ಡಾಕ್ಟರಮ್ಮನಿಗೆ ಮೂವತ್ತೈದು ಇರಬಹುದು. ಅವರು ನಗಲೂ ಇಲ್ಲ, ಕೈಕಟ್ಟಿಕೊಳ್ಳಲೂ ಇಲ್ಲ. ನಾನು “ಗರ್…” ಎಂದು ಬಾಯಿ ತೆರೆಯುವಷ್ಟರಲ್ಲಿ ಮಗಳು ನನ್ನ ಮೊಣಕೈ ಒತ್ತಿ ಹಿಡಿದು, “ಪೇಶಾಬ್ ಮೇಂ ಜಲನ್ ಹೈ, ಶನಿವಾರ್ ಸೇ. ಆಜ್ ಬುಖಾರ್ ಭೀ ಹೈ” ಎಂದಳು. ಮೂತ್ರದಲ್ಲಿ ಉರಿ, ಶನಿವಾರದಿಂದ, ಇವತ್ತು ಜ್ವರವೂ ಇದೆ. ಎರಡು ದಿನ ನಾನು ಎರಡು ಭಾಷೆಯಲ್ಲಿ ಸುತ್ತಿ ಬಳಸಿ ಹೇಳಲಾಗದ್ದನ್ನು ಎರಡು ವಾಕ್ಯದಲ್ಲಿ ಹೇಳಿ ಮುಗಿಸಿದಳು. ಡಾಕ್ಟರಮ್ಮ ಪಟಪಟನೆ ಕೇಳಿದರು. ಎಷ್ಟು ಸಲ ಹೋಗುತ್ತೀರಿ, ಬಣ್ಣ ಹೇಗಿದೆ, ಸೊಂಟ ನೋಯುತ್ತದೆಯೇ, ಮುಟ್ಟು ನಿಂತಿದೆಯೇ, ಶುಗರ್ ಇದೆಯೇ, ದಿನಕ್ಕೆ ಎಷ್ಟು ನೀರು ಕುಡಿಯುತ್ತೀರಿ. ಕೊನೆಯ ಪ್ರಶ್ನೆಗೆ ನಾನು ಸುಳ್ಳು ಹೇಳಿದೆ, ಮಗಳು ತಿದ್ದಿದಳು. ಈಗಲೇ ಹೋಗಿ ಪರೀಕ್ಷೆಗೆ ಸ್ಯಾಂಪಲ್ ಕೊಡಿ, ಕೊಟ್ಟ ಕೂಡಲೇ ಈ ಗುಳಿಗೆ ಶುರುಮಾಡಿ, ನಾಳೆ ಸಂಜೆಯೊಳಗೆ ಜ್ವರ ಇಳಿಯದಿದ್ದರೆ ಫೋನ್ ಬೇಡ, ನೇರ ಆಸ್ಪತ್ರೆಗೆ ಹೋಗಿ ಎಂದರು. ಮೊದಲ ಬಾರಿಗೆ ನನಗೆ, ಹೌದು, ಇವರು ಡಾಕ್ಟರು ಅನ್ನಿಸಿತು.

ಅಷ್ಟಕ್ಕೇ ಮುಗಿದಿದ್ದರೆ ನಾನು ಐದಕ್ಕೆ ಐದು ನಕ್ಷತ್ರ ಕೊಟ್ಟು ಕೈ ಮುಗಿಯುತ್ತಿದ್ದೆ. ಆದರೆ ಆಕೆ ನಿಜವಾದ ಡಾಕ್ಟರು ನೋಡಿ, ಹಳೆಯ ದಾಖಲೆಯನ್ನೂ ಓದಿದರು. ಹಿಂದಿನ ಇಬ್ಬರೂ ಅದರ ಗೊಡವೆಗೇ ಹೋಗಿರಲಿಲ್ಲ. ತೆರೆಯ ಪಕ್ಕಕ್ಕೆ ಕಣ್ಣು ಹಾಯಿಸುತ್ತ ಅವರು ಹಿಂದಿಯಲ್ಲಿ ಹೇಳಿದರು, “ಇದರಲ್ಲಿ ವಯಸ್ಸು ಇಪ್ಪತ್ತು ಎಂದಿದೆ. ಹೋದ ವರ್ಷ ಎರಡು ಸಲ ಇದೇ ತೊಂದರೆಗೆ ನಮ್ಮಲ್ಲಿ ತೋರಿಸಿದ್ದೀರಿ, ಎರಡನೆಯ ಸಲ ಜ್ವರವೂ ಇತ್ತು. ಇದು ನಿಮ್ಮದೇ ದಾಖಲೆಯೇ?”

ನಾನು ಅಲ್ಲ ಎಂದೆ. ಹೇಳಿದ ಮೇಲೆ ಅದರ ಅರ್ಥ ನನ್ನ ತಲೆಗೆ ಇಳಿಯಿತು. ಮೊಣಕೈ ಮೇಲಿದ್ದ ಮಗಳ ಕೈ ಹಿಂದಕ್ಕೆ ಹೋಯಿತು. ಡಾಕ್ಟರಮ್ಮ ಇಬ್ಬರ ಮುಖವನ್ನೂ ನೋಡಿ, ಸರಿ, ತಾಯಿಗೆ ಬೇರೆ ಅಕೌಂಟ್ ಮಾಡಿ ಎಂದಷ್ಟೇ ಹೇಳಿ ಚೀಟಿ ಕಳಿಸಿ ಹೋದರು.

ಸ್ಯಾಂಪಲ್ ಕೊಡಲು ರಿಕ್ಷಾದಲ್ಲಿ ಹೋಗುವಾಗ ಕೇಳಿದೆ. ಅವಳು ರಸ್ತೆ ನೋಡುತ್ತ ಹೇಳಿದಳು. ಕಾಲೇಜಿನ ಟಾಯ್ಲೆಟ್ಟಿಗೆ ಚಿಲಕವಿರಲಿಲ್ಲ, ಬೆಳಿಗ್ಗೆಯಿಂದ ಸಂಜೆಯವರೆಗೆ ತಡೆದುಕೊಳ್ಳುತ್ತಿದ್ದಳು. ಅಮ್ಮನ ಮಗಳೇ ಸರಿ. ಎರಡನೆಯ ಸಲ ಬಂದದ್ದು ಪರೀಕ್ಷೆಯ ವಾರ. ಆ ವಾರ ನನಗೆ ನೆನಪಿತ್ತು. ಎರಡು ದಿನ ಅವಳು ಹಾಸಿಗೆ ಬಿಟ್ಟು ಎದ್ದಿರಲಿಲ್ಲ. ಓದುವುದಕ್ಕೆ ಸೋಮಾರಿತನ, ಫೋನ್ ನೋಡಿ ನೋಡಿ ಜ್ವರ ಬರಿಸಿಕೊಂಡಿದ್ದೀ ಎಂದು ನಾನು ಬಾಗಿಲಲ್ಲಿ ನಿಂತು ಬೈದಿದ್ದೆ. ಅವಳು ಗುಳಿಗೆಯನ್ನು ಕಂಪಾಸ್ ಬಾಕ್ಸಿನಲ್ಲಿಟ್ಟುಕೊಂಡು ನುಂಗುತ್ತಿದ್ದಳಂತೆ. ಲ್ಯಾಬಿಗೆ ಒಬ್ಬಳೇ ಹೋಗಿ ಬಂದಿದ್ದಳಂತೆ, ನೂರ ಎರಡು ಜ್ವರದಲ್ಲಿ.

“ನನಗೆ ಯಾಕೆ ಹೇಳಲಿಲ್ಲ?” ಎಂದೆ.

ಅವಳು ಆಗ ನನ್ನ ಕಡೆ ತಿರುಗಿದಳು. “ಏಯ್ತ್ ಮೇಂ ತುಮ್ನೇ ಕ್ಯಾ ಕಿಯಾ ಥಾ, ಅಮ್ಮಾ?”

ಎಂಟನೆಯ ಕ್ಲಾಸಿನಲ್ಲಿ ನಾನೇನು ಮಾಡಿದ್ದೆ. ಆ ವರ್ಷ ಅವಳು ದೊಡ್ಡವಳಾದಳು. ಆ ದಿನ ಅವಳು ಅಳುತ್ತ ನನಗೊಬ್ಬಳಿಗೆ ಹೇಳಿದ್ದಳು. ನಾನು ಸಂಭ್ರಮದಲ್ಲಿ ಉಡುಪಿಗೆ ಫೋನ್ ಮಾಡಿದೆ, ಧಾರವಾಡಕ್ಕೆ ಮಾಡಿದೆ, ಸಂಜೆ ಸಂಘದ ಸಭೆಗೆ ಪೇಢೆ ಒಯ್ದೆ. ಮರುದಿನ ಲಿಫ್ಟಿನಲ್ಲಿ ನಾಲ್ಕನೆಯ ಮಾಳಿಗೆಯಿಂದ ಕೆಳಗಿಳಿಯುವಷ್ಟರಲ್ಲಿ ಮೂವರು ಆಂಟಿಯರು ಅವಳ ಗಲ್ಲ ಚಿವುಟಿದ್ದರು. ಅವಳ ಜೊತೆ ಕ್ರಿಕೆಟ್ ಆಡುತ್ತಿದ್ದ ಹುಡುಗರಿಗೂ ಆ ಆಂಟಿಯರಿಂದಲೇ ಸುದ್ದಿ ಹೋಗಿತ್ತು. ಅವಳು ಆಮೇಲೆ ಕೆಳಗೆ ಆಡಲು ಹೋಗಲೇ ಇಲ್ಲ. ಓದಿನ ಕಡೆ ಗಮನ ಬಂತು ಎಂದು ನಾನು ಸಂತೋಷಪಟ್ಟಿದ್ದೆ. ಊರಿನವರ ಬಾಯಿಗೆ ಹೆದರಿ ನಾನು ಉತ್ತರದೇಶದ ಅಪರಿಚಿತ ಹುಡುಗನ ಎದುರು ಕುಳಿತೆ. ಅವಳು ಹೆದರಿದ್ದು ಊರಿನವರ ಬಾಯಿಗಲ್ಲ, ಅಮ್ಮನ ಬಾಯಿಗೆ. ಎರಡು ದಿನದಿಂದ ಆ್ಯಪನ್ನು, ಡಾಕ್ಟರುಗಳನ್ನು, ವಾರಿಜಕ್ಕನನ್ನು ಹೀನಾಮಾನ ಬೈದುಕೊಂಡು ಬಂದಿದ್ದ ನನಗೆ ರಿಕ್ಷಾದಲ್ಲಿ ಬೈಯಲು ಯಾರೂ ಉಳಿಯಲಿಲ್ಲ. ನಾಚಿಕೆಯಾಯಿತು, ಕಣ್ಣಲ್ಲಿ ನೀರೂ ಬಂತು. ಅವಳು ಅದು ಜ್ವರಕ್ಕೆ ಎಂದುಕೊಂಡು ನನ್ನ ತಲೆಯನ್ನು ಹೆಗಲಿಗೆ ಒರಗಿಸಿಕೊಂಡಳು.

“ಕಿಸೀ ಕೋ ಬೋಲೋಗೀ ನಹೀಂ ನ?” ಎಂದಳು. ಅಪ್ಪನಿಗೂ ಬೇಡ, ಅಜ್ಜಿಗೂ ಬೇಡ, ಸಂಘದಲ್ಲಂತೂ ಬೇಡವೇ ಬೇಡ. ಯಾರಿಗೂ ಹೇಳುವುದಿಲ್ಲ ಎಂದು ಅವಳ ತಲೆಯ ಮೇಲೆ ಕೈಯಿಟ್ಟು ಮಾತು ಕೊಟ್ಟೆ.

ಬುಧವಾರ ಮಧ್ಯಾಹ್ನ ಜ್ವರ ಇಳಿಯಿತು. ಕಿಡ್ನಿಗೆ ಏನೂ ಆಗಿರಲಿಲ್ಲ. ಗುರುವಾರ ಸಂಘದ ಸಭೆಗೆ ಹೋದೆ. ಮಂಡಿಚಿಪ್ಪಿನ ಮಾತು ಮುಕ್ಕಾಲು ಗಂಟೆ ನಡೆಯಿತು. ವಾರಿಜಕ್ಕ, “ಎಂತ, ಮುಖ ಬಾಡಿದ ಹಾಗೆ ಉಂಟಲ್ಲ?” ಎಂದಳು. “ಏನಿಲ್ಲ, ಸ್ವಲ್ಪ ಉಷ್ಣ” ಎಂದು ಜೋರಾಗಿ, ಬಾಯಿಹುಣ್ಣಿನ ಸ್ವರದಲ್ಲಿ ಹೇಳಿದೆ. ಅದಕ್ಕಿಂತ ಹೆಚ್ಚಿನ ಒಂದಕ್ಷರ ಬಾಯಿಂದ ಬೀಳದಂತೆ ನೋಡಿಕೊಂಡೆ. ಮನೆಗೆ ಬಂದ ಮೇಲೆ ಹೊಟ್ಟೆ ಉಬ್ಬರಿಸಿದ ಹಾಗಾಗಿತ್ತು.

ಆ ಉಬ್ಬರ ಒಂದು ವರ್ಷ ತಡೆಯಿತು. ಈಗ ಸಂಘದ ಸ್ಮರಣ ಸಂಚಿಕೆಗೆ ಏನಾದರೂ ಹಾಸ್ಯ ಬರೆದುಕೊಡಿ ಎಂದು ಕೇಳಿದ್ದಾರೆ, ಕುಳಿತು ಬರೆಯುತ್ತಿದ್ದೇನೆ. ಮಗಳು ಇಲ್ಲೇ ಹುಟ್ಟಿ ಇಂಗ್ಲಿಷ್ ಶಾಲೆಗೆ ಹೋದವಳು. ಮಾತಾಡಿದರೆ ಕನ್ನಡ ತಿಳಿಯುತ್ತದೆ, ಓದಲು ಬಾರದು. ನಾಲ್ಕು ಅಕ್ಷರ ಕಲಿಸಲಿಲ್ಲವಲ್ಲ ಎಂದು ಇಷ್ಟು ವರ್ಷ ಕೊರಗಿದ್ದೆ. ಈಗಷ್ಟೇ ಅವಳು ಚಹಾ ತಂದಿಟ್ಟು ನನ್ನ ಹೆಗಲ ಮೇಲಿಂದ ಬಗ್ಗಿ ಈ ಪುಟವನ್ನು ನೋಡಿದಳು. ನಾನು ಕೈ ಅಡ್ಡ ಇಡಲಿಲ್ಲ, ಇಡಬೇಕಾದ ಅಗತ್ಯವೇ ಇರಲಿಲ್ಲ. “ಕಿತೀ ಸುಂದರ್ ಅಕ್ಷರ್ ಆಹೇ ತುಝಂ, ಅಮ್ಮಾ” ಎಂದು ನನ್ನ ಕೈಬರಹವನ್ನು ಹೊಗಳಿ ಹೋದಳು.